ಮೂರನೇ ಅವಧಿ ಅಂದ್ರೆ ರಜೆ ಅಲ್ಲ ಮಾರಾಯ್ತಿ

ನೀನು ಮೊನ್ನೆ ಕೇಳಿದ್ದು ಇನ್ನೂ ತಲೆಯಲ್ಲೇ ಉಂಟು. "ಕೇರಳದಲ್ಲಿದ್ದೂ ನಿನ್ನ ಕನ್ನಡ ಎಷ್ಟು ಚೆನ್ನಾಗಿದೆಯೇ" ಅಂತ ಒಂದು ಸರ್ಟಿಫಿಕೇಟು, ಅದರ ಬೆನ್ನಿಗೇ "ಮಗಳನ್ನ ಮಲಯಾಳಂ ಮೀಡಿಯಮ್ಮಿಗೆ ಹಾಕಿದ್ರೆ ಮುಗೀತಲ್ಲ, ಯಾಕೆ ಸುಮ್ನೆ ಒದ್ದಾಡ್ತೀಯ" ಅಂತ. ಆಗ ಒಲೆಯಲ್ಲಿ ಕುಚ್ಚಲಕ್ಕಿ ಕುದೀತಾ ಇತ್ತು, ಒಂದು ನಗುವ ಮುಖ ಹಾಕಿ ಬಿಟ್ಟೆ. ಈಗ ಪುರುಸೊತ್ತು ಉಂಟು, ಹೇಳ್ತೇನೆ, ಪೂರ್ತಿ ಓದ್ಬೇಕು ಆಯ್ತಾ.

ನನ್ನ ಅಜ್ಜ ಹುಟ್ಟಿದ್ದು ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ತೀರಿಹೋದದ್ದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ. ಮನೆ ಅದೇ, ಬಾವಿಯೂ ಅದೇ. 1956ರ ನವೆಂಬರ್ 1ಕ್ಕೆ ಗೆರೆ ಎಳೆದ್ರು. 1967ರಲ್ಲಿ ಗಡಿ ಜಗಳ ನೋಡ್ಲಿಕ್ಕೆ ಕೂತ ಮಹಾಜನ್ ಆಯೋಗದ ವರದಿ ಚಂದ್ರಗಿರಿ ಹೊಳೆಯಿಂದ ಬಡಗಿನದ್ದು ಮೈಸೂರಿಗೆ ಹೋಗ್ಬೇಕು ಅಂತ ಹೇಳ್ತು, ಅದು ಕಪಾಟಿನಿಂದ ಹೊರಗೆ ಬರ್ಲೇ ಇಲ್ಲ. ಆ ಒಂದನೇ ತಾರೀಕು ನಿಮಗೆ ರಾಜ್ಯೋತ್ಸವ, ಇಲ್ಲಿ ಕೇರಳಪ್ಪಿರವಿ, ಅಂದ್ರೆ ಕೇರಳ ಹುಟ್ಟಿದ ದಿನ. ಹಳದಿ ಕೆಂಪು ಬಾವುಟ ನೀವು ಹಾರಿಸ್ತೀರಿ, ಕಸವಿನ ಸೀರೆ ಇವರು ಉಡ್ತಾರೆ, ನಾವು ಆ ದಿನ ಅಡಿಕೆ ಸುಲೀತಾ ಕೂತ್ಕೊಳ್ಳುದು.

ರೇಷನ್ ಕಾರ್ಡು, ವಿಲೇಜ್ ಆಫೀಸಿನ ಫಾರ್ಮು, ಬಸ್ಸಿನ ಬೋರ್ಡು, ಅದೆಲ್ಲ ನೀನು ಅಂದ್ಕೊಂಡಷ್ಟು ದೊಡ್ಡ ಕಷ್ಟ ಅಲ್ಲ, ಅಭ್ಯಾಸ ಆಗಿ ಹೋಗಿದೆ. ಕಷ್ಟ ಇರುದು ಶಾಲೆಯಲ್ಲಿ.

ನಿನಗೆ ಒಂದು ವಿಷಯ ಗೊತ್ತಿರ್ಲಿಕ್ಕಿಲ್ಲ. ನಮ್ಮ ಮನೆಯಲ್ಲಿ ಕನ್ನಡವೇ ಇಲ್ಲ. ನಮ್ಮದು ತುಳು, ಪಕ್ಕದ ಮನೆಯಲ್ಲಿ ಹವ್ಯಕ, ರಸ್ತೆಯ ಆಚೆ ಬ್ಯಾರಿ, ಗುಡ್ಡೆಯ ಮೇಲೆ ಮರಾಟಿ, ಪೇಟೆಗೆ ಇಳಿದ್ರೆ ಮಲಯಾಳ. ನಿನಗೆ ಕನ್ನಡ ಅಮ್ಮನಿಂದ ಬಂತು, ನಮಗೆ ಒಂದನೇ ಕ್ಲಾಸಿನ ಟೀಚರಿಂದ ಬಂತು. ನಾನು ಮೊದಲ ದಿನ ಬಾಗಿಲ ಹತ್ರ ಅಳ್ತಾ ನಿಂತಾಗ "ದಾಯೆಗ್ ಬುಲಿಪುನಿ ಮಗಾ" ಅಂತ ತುಳುವಿನಲ್ಲಿ ಕರೆದು ಮಡಿಲಲ್ಲಿ ಕೂರಿಸಿಕೊಂಡು, ಆಮೇಲೆ ಅದೇ ಬಾಯಿಯಲ್ಲಿ "ಅ, ಅರಸ" ಅಂತ ಶುರು ಮಾಡಿದವರು ಅವರು. ಕನ್ನಡ ಅಂದ್ರೆ ನನಗೆ ಇವತ್ತಿಗೂ ಆ ಟೀಚರ ಸೀರೆಯ ಸೋಪಿನ ಪರಿಮಳವೇ. ಈ ಕಡೆ ಕನ್ನಡಕ್ಕೆ ನಿಂತವರಲ್ಲಿ ದೊಡ್ಡವರು ಕಯ್ಯಾರ ಕಿಞ್ಞಣ್ಣ ರೈಗಳು, ನೂರು ವರ್ಷ ಬಾಳಿ 2015ರಲ್ಲಿ ಹೋದ್ರು, ಅವರೂ ಹೈಸ್ಕೂಲು ಮಾಷ್ಟ್ರೇ. ಹಾಗಾಗಿ ನಮ್ಮಲ್ಲಿ ಮಾಷ್ಟ್ರು ಅಂದ್ರೆ ಬರೀ ಪಾಠ ಮಾಡುವವರು ಅಂತ ಯಾರೂ ಲೆಕ್ಕ ಹಾಕುದಿಲ್ಲ.

ಈಗ ನನ್ನ ಮಗಳ ಕಥೆ. ಕಳೆದ ವರ್ಷ ಜೂನಿನಲ್ಲಿ ಎಂಟನೇ ಕ್ಲಾಸಿಗೆ ಗಣಿತಕ್ಕೆ ಹೊಸ ಮಾಷ್ ಬಂದ್ರು, ತೆಂಕಣ ಜಿಲ್ಲೆಯವರು, ಕನ್ನಡ ಮೀಡಿಯಂ ಪೋಸ್ಟಿಗೇ ಬಂದದ್ದು. ಕನ್ನಡ ಗೊತ್ತುಂಟು ಅಂತ ಅವರ ಕಾಗದ ಹೇಳ್ತದೆ, ಬಾಯಿ ಮಾತ್ರ ಹೇಳುದಿಲ್ಲ. ಇದು ಒಂದು ಶಾಲೆಯ ಕಥೆ ಅಂತ ಮಾಡ್ಬೇಡ, ಇಲ್ಲಿ ಇದಕ್ಕಾಗಿ ಮಕ್ಕಳು, ಅಪ್ಪ ಅಮ್ಮಂದಿರು ಶಾಲೆ ಗೇಟಿನ ಎದುರು ಕೂತದ್ದು ಎಷ್ಟೋ ಸರ್ತಿ ಆಗಿದೆ. ಪುಸ್ತಕ ಕನ್ನಡ, ಪರೀಕ್ಷೆ ಕನ್ನಡ, ಮಧ್ಯದಲ್ಲಿ ಪಾಠ ಮಲಯಾಳ. ಅವರು "ಚುಟ್ಟಳವ್" ಅಂದ್ರೆ ಮಕ್ಕಳು ಹೇಗೋ ಅಂದಾಜಿ ಮಾಡಿ ಸುತ್ತಳತೆ ಅಂತ ಬರ್ಕೊಂಡ್ರು, "ಪರಪ್ಪಳವ್" ಅಂದಾಗ ಮುಖ ಮುಖ ನೋಡ್ಕೊಂಡ್ರು. ಆಯತಕ್ಕೆ ಅವರಲ್ಲಿ ಚತುರಂ. "ಅಮ್ಮಾ, ಚತುರ ಅಂದ್ರೆ ಜಾಣ ಅಲ್ವಾ, ಅದಕ್ಕೆ ಉದ್ದ ಅಗಲ ಯಾಕೆ" ಅಂತ ಇವಳು ಮನೆಗೆ ಬಂದು ಕೇಳಿದ್ದು.

ನಗು ಬರ್ತದೆ, ನಮಗೂ ಬರ್ತದೆ. ಕ್ಲಾಸಲ್ಲಿ ಮಾತಾಡ್ಬೇಡಿ ಅನ್ಲಿಕ್ಕೆ "ಸಂಸಾರಿಕ್ಕರುದ್" ಅಂದ್ರೆ ಹಿಂದಿನ ಬೆಂಚಿನ ಹುಡುಗರು "ಕ್ಲಾಸಲ್ಲಿ ಸಂಸಾರ ಮಾಡ್ಬಾರ್ದಂತೆ" ಅಂತ ಬಿದ್ದು ಬಿದ್ದು ನಗುದು. ಭಾಷಣ ಸ್ಪರ್ಧೆಗೆ ಮಲಯಾಳದಲ್ಲಿ "ಪ್ರಸಂಗ ಮತ್ಸರಂ" ಅಂತಾರೆ, ಯಕ್ಷಗಾನ ನೋಡಿ ಬೆಳೆದ ಮಕ್ಕಳು ಯಾವ ಪ್ರಸಂಗ, ಯಾರಿಗೆ ಯಾರ ಮೇಲೆ ಮತ್ಸರ ಅಂತ ಕೇಳುದು. ಗೋಡೆಯ ಟೈಮ್‌ಟೇಬಲಿನಲ್ಲಿ "ಒಂದನೇ ಅವಧಿ, ಎರಡನೇ ಅವಧಿ" ಅಂತ ಇದ್ದದ್ದನ್ನ ಅಕ್ಷರ ಕೂಡಿಸಿ ಓದಿದ ಮಾಷ್ ಗಾಬರಿ ಬಿದ್ರಂತೆ, ಯಾಕಂದ್ರೆ ಅವರ ಭಾಷೆಯಲ್ಲಿ ಅವಧಿ ಅಂದ್ರೆ ರಜೆ. ಇದೆಂಥ ಶಾಲೆ, ದಿನಕ್ಕೆ ಇಷ್ಟು ರಜೆ ಅಂತ ಅನ್ಸಿರ್ಬೇಕು ಪಾಪ.

ಆದ್ರೆ ಒಂದು ದಿನ ಏನಾಯ್ತು ಅಂದ್ರೆ, ಒಬ್ಬಳು ಹುಡುಗಿ, ತುಂಬಾ ಪಾಪದವಳು, ಬೆಳಿಗ್ಗೆ ವರಾಂಡದಲ್ಲಿ ಸಿಕ್ಕಿದ ಮಾಷಿನ ಹತ್ರ ಪ್ರೀತಿಯಲ್ಲಿ "ತಿಂಡಿ ಆಯ್ತಾ ಮಾಷೇ" ಅಂತ ಕೇಳಿದ್ದಾಳೆ. ಮಲಯಾಳದಲ್ಲಿ ತೆಂಡಿ ಅಂದ್ರೆ ತಿರುಕ, ಬೈಗುಳ. ಅವರ ಮುಖ ಕಪ್ಪಿಟ್ಟಿತು, ಅವಳನ್ನ ಇಡೀ ಪೀರಿಯಡು ಹೊರಗೆ ನಿಲ್ಲಿಸಿದ್ರು. ಯಾಕೆ ಅಂತ ಅವಳಿಗೆ ಗೊತ್ತಿಲ್ಲ, ಅವಳು ಕೇಳಿದ್ದು ಏನು ಅಂತ ಅವರಿಗೆ ಗೊತ್ತಿಲ್ಲ. ಆ ದಿನದಿಂದ ನಗುದು ನಿಂತಿತು, ಅದರ ಒಟ್ಟಿಗೆ ಪ್ರಶ್ನೆ ಕೇಳುದೂ ನಿಂತಿತು. ಅರ್ಥ ಆಯ್ತಾ ಅಂತ ಮಾಷ್ "ಮನಸ್ಸಿಲಾಯೋ?" ಕೇಳಿದ್ರೆ ನಲವತ್ತು ಬಾಯಿ ಒಟ್ಟಿಗೆ "ಆಯಿ", ಆಯ್ತು ಅಂತ. ನಾನು ನೋಟ್ಸ್ ತೆಗೆದು ನೋಡ್ತೇನೆ, ಮಲಯಾಳ ಬಾರದ ಮಕ್ಕಳು ಬೋರ್ಡಿನ ಅಕ್ಷರವನ್ನ ರಂಗೋಲಿ ಬಿಡಿಸಿದ ಹಾಗೆ ಬಿಡಿಸಿದ್ದಾರೆ. ಮಾರ್ಕು ಹೋದ್ರೆ ಹೋಗ್ಲಿ, ಟ್ಯೂಷನ್ ಕೊಟ್ಟು ತರ್ಬಹುದು. ಅರ್ಥ ಆಗದೆ "ಆಯಿ" ಹೇಳ್ಲಿಕ್ಕೆ ಮಕ್ಕಳು ಕಲಿತ್ರಲ್ಲ, ಅದು ನನ್ನ ಹೊಟ್ಟೆ ಉರಿಸಿದ್ದು.

ನಾನು ಪಿಟಿಎ ಕಮಿಟಿಯಲ್ಲಿ ಇದ್ದೇನೆ. ಅರ್ಜಿ ಕೊಟ್ಟೆವು, ಮೇಲಕ್ಕೆ ಕಳಿಸಿದ್ದೇವೆ ಅಂದ್ರು, ಮೇಲೆ ಅಂದ್ರೆ ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ. ಕಡೆಗೆ ಜಗಳ ಮಾಡುವ ಅಂತಲೇ ಮಾಷಿನ ಹತ್ರ ಹೋದೆ. ಸ್ಟಾಫ್‌ರೂಮಿನ ಮೂಲೆಯಲ್ಲಿ ಒಬ್ರೇ ಬುತ್ತಿ ಬಿಚ್ಚಿ ಕೂತಿದ್ರು. ಊರು ಐನೂರು ಕಿಲೋಮೀಟರ್ ದೂರ, ರಾತ್ರಿ ಇಡೀ ರೈಲು, ಮನೆಯಲ್ಲಿ ಅಮ್ಮನಿಗೆ ಹುಷಾರಿಲ್ಲ. ಕಾಸರಗೋಡು ಅಂದ್ರೆ ಆ ಕಡೆಯವರಿಗೆ ಪನಿಶ್‌ಮೆಂಟ್ ಜಾಗ, ಗೊತ್ತುಂಟಲ್ಲ. ತಿಂಡಿಯ ವಿಷಯ ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಆಮೇಲೆ "ಎನಿಕ್ಕ್ ಪೇಡಿಯಾಣ್ ಚೇಚೀ" ಅಂದ್ರು, ಮಕ್ಕಳು ನಗ್ತಾರೆ ಅಂತ ಹೆದರಿಕೆಯಂತೆ. ಪೇಡಿ ಅಂದ್ರೆ ನಮ್ಮ ತುಳುವಿನ ಪೋಡಿಗೆಯೇ. ನಾನು ಬೈಲಿಕ್ಕೆ ಕಟ್ಕೊಂಡು ಹೋದದ್ದೆಲ್ಲ ಹಾಗೇ ವಾಪಸ್ ತಂದೆ.

ಮರುದಿನ ಅವರು ಆ ಹುಡುಗಿಯನ್ನ ಕರೆದು ಎಲ್ಲರ ಎದುರು "ತಿಂಡಿ ಆಯ್ತು, ನಿನ್ನದು?" ಅಂತ ಕೇಳಿದ್ರಂತೆ. ಆಮೇಲೆ ಅವರೇ ಮಕ್ಕಳ ಹತ್ರ ಒಂದೊಂದೇ ಶಬ್ದ ಕೇಳ್ಲಿಕ್ಕೆ ಶುರು ಮಾಡಿದ್ರು. ಪರಪ್ಪಳವಿಗೆ ಏನು ಹೇಳುದು ಅಂದಾಗ ನನ್ನ ಮಗಳು ಹೆದರ್ತಾ ಹೆದರ್ತಾ "ವಿಸ್ತೀರ್ಣ" ಅಂದಳು. ಮಾಷ್ ಚಾಕ್‌ಪೀಸು ಕೆಳಗಿಟ್ಟು "ಅಯ್ಯೋ, ವಿಸ್ತೀರ್ಣಂ!" ಅಂತ ಹಣೆ ಹೊಡ್ಕೊಂಡ್ರು. ಅದು ಅವರ ಭಾಷೆಯಲ್ಲೂ ಇದ್ದ ಶಬ್ದವೇ, ಮನೆಗೆ, ಜಾಗಕ್ಕೆಲ್ಲ ಹಾಗೇ ಹೇಳ್ತಾರೆ, ಗಣಿತದ ಪುಸ್ತಕದಲ್ಲಿ ಬೇರೆ. ಡಿಸೆಂಬರಿಗಾಗುವಾಗ ಅವರು ಮುರುಕು ಕನ್ನಡದಲ್ಲಿ ಲೆಕ್ಕ ಹೇಳ್ತಿದ್ರು, ತಪ್ಪಿದ್ರೆ ಮಕ್ಕಳು ತಿದ್ತಿದ್ರು, ಮಕ್ಕಳು ತಪ್ಪಿದ್ರೆ ಅವರು. ಇವಳು ಮೊದಲ ಸರ್ತಿ "ನನಗೆ ಅರ್ಥ ಆಗ್ಲಿಲ್ಲ ಮಾಷೇ" ಅಂತ ಎದ್ದು ನಿಂತು ಹೇಳಿದಳಂತೆ. ನಾನು ಆ ದಿನ ಪಾಯಸ ಮಾಡಿದ್ದೆ, ಯಾಕೆ ಅಂತ ಇವರಿಗೆ ಅರ್ಥವೇ ಆಗ್ಲಿಲ್ಲ.

ಹಾಗಂತ ಮಕ್ಕಳೇ ಮಾಷ್ಟ್ರಿಗೆ ಕಲಿಸ್ಬೇಕು ಅಂತ ನಾನು ಒಪ್ಪುದಿಲ್ಲ. ಅದು ಸರ್ಕಾರದ ಕೆಲಸ, ಹದಿಮೂರು ವರ್ಷದವರದ್ದಲ್ಲ. ಇನ್ನು ನಮ್ಮ ಕರ್ನಾಟಕವೋ, 2020ರಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು, ಐವತ್ತು ಕಿಲೋಮೀಟರಿನ ಮಂಗಳೂರಿನ ಆಸ್ಪತ್ರೆಗೆ ನಾವು ಹೋಗದ ಹಾಗೆ ಮಾಡಿದ್ದು ಯಾರು? ಕನ್ನಡದವರೇ. ಅದನ್ನ ಹೇಳಿದ್ರೆ ನಿನಗೆ ಬೇಜಾರಾಗ್ತದೆ, ಬಿಡು. ಇಲ್ಲಿಯ ಸರ್ಕಾರಿ ಶಾಲೆಯ ಕಟ್ಟಡ ನೋಡು, ಪ್ರೊಜೆಕ್ಟರ್ ನೋಡು, ಶಾಲಾ ಮಕ್ಕಳ ಕಲೋತ್ಸವದಲ್ಲಿ ಯಕ್ಷಗಾನಕ್ಕೇ ಒಂದು ಸ್ಪರ್ಧೆ ಉಂಟು, ಅದಕ್ಕೆಲ್ಲ ನನಗೆ ಹೆಮ್ಮೆಯೇ. ಮಲಯಾಳವೂ ನನಗೆ ಚೆಂದ ಬರ್ತದೆ, ಮಗಳಿಗೂ ಬರ್ಲಿ. ಮೀಡಿಯಂ ಬದಲಿಸು ಅಂತೀಯಲ್ಲ, ಮನೆಯಲ್ಲಿ ತುಳು, ಶಾಲೆಯಲ್ಲಿ ಮಲಯಾಳ ಆದ್ರೆ ಕನ್ನಡ ಎಲ್ಲಿಂದ ಬರುದು, ಟಿವಿಯಿಂದಲಾ?

ಆ ಮಾಷ್ ಈಗ ಇಲ್ಲ. ಈ ಜೂನಿನಲ್ಲಿ ಊರಿನ ಹತ್ರ ಟ್ರಾನ್ಸ್‌ಫರ್ ಸಿಕ್ಕಿತು, ಅವರ ಅಮ್ಮನಿಗೆ ಒಳ್ಳೇದಾಯ್ತು, ಬೇಡ ಅಂತ ಹೇಳ್ಲಿಕ್ಕೆ ಯಾರಿಗೆ ಬಾಯಿ ಬರ್ತದೆ. ನಮ್ಮಲ್ಲಿ ಯಾವಾಗಲೂ ಹೀಗೇ, ಕನ್ನಡ ಹಿಡಿತಕ್ಕೆ ಬಂತು ಅನ್ನುವಾಗ ಆರ್ಡರು ಬರ್ತದೆ. ಹೋಗುವಾಗ "ಹೋಗಿ ಬರ್ತೇನೆ" ಅಂತ ಸ್ಪಷ್ಟ ಕನ್ನಡದಲ್ಲೇ ಹೇಳಿದ್ರು, ಇವಳು ಮೂರು ದಿನ ಸರಿ ಊಟ ಮಾಡ್ಲಿಲ್ಲ. ಅವರ ಪೋಸ್ಟಿಗೆ ಇನ್ನೂ ಯಾರೂ ಬರ್ಲಿಲ್ಲ. ಟೈಮ್‌ಟೇಬಲಿನಲ್ಲಿ ಮೂರನೇ ಅವಧಿ ಗಣಿತ ಅಂತಲೇ ಉಂಟು, ಈಗ ಅದು ಮಲಯಾಳದ ಅವಧಿ ಆಗಿದೆ. ನಾಳೆ ಪಿಟಿಎ ಮೀಟಿಂಗು, ಅರ್ಜಿ ಎರಡೂ ಭಾಷೆಯಲ್ಲಿ ಬರೀಬೇಕು, ಮಲಯಾಳದ್ದು ಮುಗೀತು, ಕನ್ನಡದ್ದು ಮಗಳು ಕೂತು ಬರೀತಿದ್ದಾಳೆ.