ಹನ್ನೆರಡು ಮಂದಿ ಬರ್ತಾರೆ, ಹನ್ನೆರಡು ಮಂದಿ ಹೋಗ್ತಾರೆ

ಸಾಫ್ಟ್‌ವೇರನ್ನು ಒಂದೇ ಸಲ ಮಾರದೆ ಚಂದಾ ಲೆಕ್ಕದಲ್ಲಿ ಕೊಡುವ 'ಸಾಸ್' ಉದ್ಯಮದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಉತ್ತರ.

ಪ್ರಶ್ನೆ: ಸಣ್ಣ ಕ್ಲಿನಿಕ್‌ಗಳಿಗೆ ಅಪಾಯಿಂಟ್‌ಮೆಂಟ್ ಮತ್ತು ಬಿಲ್ಲಿಂಗ್ ಸಾಫ್ಟ್‌ವೇರ್ ಕೊಡುತ್ತೇವೆ, ತಿಂಗಳಿಗೆ 999 ರೂಪಾಯಿ. ಪ್ರತಿ ತಿಂಗಳೂ 12 ಹೊಸಬರು ಸೇರುತ್ತಾರೆ. ಆದರೂ ಆರು ತಿಂಗಳಿಂದ ಒಟ್ಟು ಸಂಖ್ಯೆ 140ರಲ್ಲೇ ನಿಂತಿದೆ. ಮಾರಾಟಕ್ಕೆ ಇನ್ನಿಬ್ಬರನ್ನು ತೆಗೆದುಕೊಳ್ಳಲೇ? (ದಾವಣಗೆರೆಯ ಓದುಗರು)

ಉತ್ತರ: ಸದ್ಯಕ್ಕೆ ಬೇಡ. ಸಂಖ್ಯೆ ನಿಂತಿದೆ ಎಂದರೆ ಬಂದಷ್ಟೇ ಮಂದಿ ಹೋಗುತ್ತಿದ್ದಾರೆ. 140ಕ್ಕೆ 12 ಎಂದರೆ ತಿಂಗಳಿಗೆ ಸುಮಾರು ಶೇ 8.5 ಸೋರಿಕೆ. ತಿಂಗಳ ಹೊಸಬರ ಸಂಖ್ಯೆಯನ್ನು ಇದರಿಂದ ಭಾಗಿಸಿ: 12 ÷ 0.085 = 141. ಇದೇ ನಿಮ್ಮ ಛಾವಣಿ. ಮಾರಾಟ ದುಪ್ಪಟ್ಟಾಗಿ ತಿಂಗಳಿಗೆ 24 ಮಂದಿ ಬಂದರೂ 282ಕ್ಕೆ ಮತ್ತೆ ನಿಲ್ಲುತ್ತೀರಿ, ಇಬ್ಬರ ಸಂಬಳ ಬೇರೆ. ತಿಂಗಳಿಗೆ ಅದೇ 12 ಮಂದಿ ಬರುತ್ತಾ ಸೋರಿಕೆ ಶೇ 4ಕ್ಕೆ ಇಳಿದರೆ ಛಾವಣಿ 300.

ಎಲ್ಲಿ ಸೋರುತ್ತಿದೆ ಅಂತ ನೋಡಲು ಒಂದು ಸ್ಪ್ರೆಡ್‌ಶೀಟ್ ಸಾಕು. ಅಡ್ಡಸಾಲಿಗೆ ಸೇರಿದ ತಿಂಗಳು; ಕಂಬಸಾಲಿನಲ್ಲಿ ಒಂದನೇ, ಎರಡನೇ, ಮೂರನೇ ತಿಂಗಳಿಗೆ ಎಷ್ಟು ಮಂದಿ ಉಳಿದರು ಎಂಬುದು. ಮೊದಲ ಎರಡು ತಿಂಗಳಲ್ಲೇ ಬಹುಪಾಲು ಬಿಟ್ಟಿದ್ದರೆ ಅವರು ನಿಮ್ಮ ಸಾಫ್ಟ್‌ವೇರನ್ನು ಬಿಟ್ಟದ್ದಲ್ಲ, ಶುರುವೇ ಮಾಡಿಲ್ಲ. ಹತ್ತನೇ ತಿಂಗಳ ಹೊತ್ತಿಗೆ ಬಿಡುತ್ತಿದ್ದರೆ ಬೆಲೆಯೋ ಪೈಪೋಟಿಯೋ ಕಾರಣವಿರಬಹುದು. ಆ ರೋಗಕ್ಕೆ ಮದ್ದು ಬೇರೆ.

ಕ್ಲಿನಿಕ್ ವ್ಯವಹಾರದಲ್ಲಿ ಹಣ ಕೊಡುವವರು ಡಾಕ್ಟರು, ದಿನವಿಡೀ ಬಳಸುವವರು ರಿಸೆಪ್ಷನ್‌ನಲ್ಲಿ ಕೂತವರು. ಡೆಮೊ ಮಾತ್ರ ಡಾಕ್ಟರಿಗೇ ಆಗಿರುತ್ತದೆ! ಬೆಳಗ್ಗೆ ಹತ್ತಕ್ಕೆ ಇಪ್ಪತ್ತು ಜನ ಟೋಕನ್‌ಗೆ ನಿಂತಾಗ ಹಳೇ ರೋಗಿಯ ಹೆಸರು ಹುಡುಕಿದರೆ ಸಿಗಲಿಲ್ಲ, ಚೀಟಿ ಪ್ರಿಂಟ್ ಕೊಟ್ಟರೆ ಲೆಟರ್‌ಹೆಡ್ಡಿನ ಮೇಲೆಯೇ ಅಕ್ಷರ ಬಿತ್ತು ಅಂದರೆ ಅವರು ನೋಟ್‌ಬುಕ್ ತೆಗೆಯುತ್ತಾರೆ. ಹಾಗೆ ತೆಗೆದ ನೋಟ್‌ಬುಕ್ ಮತ್ತೆ ಒಳಗೆ ಹೋಗುವುದು ಕಷ್ಟ. ಆದ್ದರಿಂದ ಮೊದಲ ವಾರದಲ್ಲೇ ಅವರ ಹಳೇ ರೋಗಿಗಳ ಪಟ್ಟಿಯನ್ನು ನೀವೇ ಏರಿಸಿಕೊಡಿ, ಅವರದೇ ಪ್ರಿಂಟರಿನಲ್ಲಿ ಮಾರ್ಜಿನ್ ಹೊಂದಿಸಿ, ರಿಸೆಪ್ಷನ್‌ನವರ ಕೈಯಿಂದಲೇ ಹತ್ತು ಬಿಲ್ ಮಾಡಿಸಿ. ಸತತ ಮೂರು ಕೆಲಸದ ದಿನ ಬಿಲ್ ಆಗದ ಹೊಸ ಕ್ಲಿನಿಕ್ಕಿಗೆ ಅವತ್ತೇ ಫೋನ್ ಮಾಡಿ. ಬಿಟ್ಟುಹೋದವರಲ್ಲಿ ಹತ್ತು ಮಂದಿಗೂ ಫೋನೇ ಮಾಡಿ. ಫಾರಂ ಕಳಿಸಿದರೆ 'ಬೆಲೆ ಜಾಸ್ತಿ' ಅಂತ ಬರೆದು ಕೈತೊಳೆದುಕೊಳ್ಳುತ್ತಾರೆ.

ಪ್ರಶ್ನೆ: ವಾರ್ಷಿಕ ಚಂದಾ 14,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಕಾರ್ಡಿನಿಂದ ತಾನೇ ಕಡಿತವಾಗಬೇಕಾದ ನವೀಕರಣ ಪದೇ ಪದೇ ವಿಫಲವಾಗುತ್ತಿದೆ. ಏಕೆ? (ಹುಬ್ಬಳ್ಳಿಯ ಓದುಗರು)

ಉತ್ತರ: 14,000ಕ್ಕೆ ಶೇ 18 ಜಿಎಸ್‌ಟಿ ಸೇರಿದರೆ 16,520. ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್ 1ರಿಂದ ಬಿಗಿಯಾಗಿದೆ: ಕಡಿತಕ್ಕೆ ಕನಿಷ್ಠ 24 ಗಂಟೆ ಮುಂಚೆ ಗ್ರಾಹಕರಿಗೆ ಸೂಚನೆ ಹೋಗಬೇಕು, ಮಿತಿ ಮೀರಿದ ಪ್ರತಿ ಕಡಿತಕ್ಕೂ ಅವರು ಒಟಿಪಿಯಂಥ ದೃಢೀಕರಣ ಕೊಡಬೇಕು. ಆರಂಭದಲ್ಲಿ 5,000 ಇದ್ದ ಸಾಮಾನ್ಯ ಮಿತಿ 2022ರ ಜೂನ್‌ನಲ್ಲಿ 15,000ಕ್ಕೆ ಏರಿತು. ನೀವು 1,520 ರೂಪಾಯಿ ಆಚೆ ನಿಂತಿದ್ದೀರಿ. ಮೂಲ ಬೆಲೆ 12,700 ಇಟ್ಟರೆ ತೆರಿಗೆ ಸೇರಿ 14,986. ಒಟಿಪಿಯ ಗೊಡವೆ ಇಲ್ಲ. ಬೆಲೆ ಇಳಿಸಲು ಮನಸ್ಸಿಲ್ಲದಿದ್ದರೆ ಆರು ತಿಂಗಳಿಗೊಮ್ಮೆ 7,000ದಂತೆ ಒಡೆಯಿರಿ.

ಇನ್ನೊಂದು ತಪ್ಪು: ಇವತ್ತಿನ ಬೆಲೆಯನ್ನೇ ಮ್ಯಾಂಡೇಟಿನ (ತಾನೇ ಕಡಿತವಾಗಲು ಗ್ರಾಹಕರು ಮೊದಲೇ ಕೊಡುವ ಒಪ್ಪಿಗೆಯ) ಗರಿಷ್ಠ ಮೊತ್ತವಾಗಿ ಇಡುವುದು. ನಾಳೆ ನೂರು ರೂಪಾಯಿ ಏರಿಸಿದರೂ ಎಲ್ಲರಿಂದ ಹೊಸ ಒಪ್ಪಿಗೆ ಕೇಳಬೇಕಾಗುತ್ತದೆ, ಕೇಳಿದ ಕೂಡಲೇ ಕೆಲವರು 'ಇದು ಬೇಕಾ?' ಅಂತ ಯೋಚಿಸುತ್ತಾರೆ. ಗರಿಷ್ಠ ಮೊತ್ತವನ್ನು ತುಸು ಮೇಲಿಡಿ, ಹಾಗೆ ಇಟ್ಟದ್ದನ್ನು ಗ್ರಾಹಕರಿಗೆ ಮೊದಲೇ ಹೇಳಿ. ಹಣ ಬರಲಿಲ್ಲವೆಂದು ಅವತ್ತೇ ಖಾತೆಗೆ ಬೀಗ ಹಾಕಬೇಡಿ. ಒಂದು ವಾರ ಪೂರ್ತಿ ಬಳಸಲು ಬಿಡಿ, ಆಮೇಲೆ ಹಳೆಯದನ್ನು ನೋಡಬಹುದು, ಹೊಸದು ಸೇರಿಸಲಾಗದು ಎಂಬಷ್ಟು ಮಾಡಿ.

ಪ್ರಶ್ನೆ: ದುಬೈನಿಂದ ಮೊದಲ ಗ್ರಾಹಕ ಸಿಕ್ಕಿದ್ದಾರೆ. ಅವರಿಗೂ ಜಿಎಸ್‌ಟಿ ಹಾಕಬೇಕೆ? (ಮಂಗಳೂರಿನ ಓದುಗರು)

ಉತ್ತರ: ಹಣ ವಿದೇಶಿ ವಿನಿಮಯದಲ್ಲಿ ಬರುವಂತಿದ್ದು ಸೇವೆ ರಫ್ತು ಎನಿಸಿಕೊಂಡರೆ ತೆರಿಗೆ ಸೊನ್ನೆ. ಜಿಎಸ್‌ಟಿ ನೋಂದಣಿ ಇದ್ದವರು ಪೋರ್ಟಲಿನಲ್ಲಿ ಆರ್‌ಎಫ್‌ಡಿ-11 ನಮೂನೆಯ ಮುಚ್ಚಳಿಕೆ ಸಲ್ಲಿಸಿ, ಬಿಲ್ಲಿನಲ್ಲಿ ಅದನ್ನು ನಮೂದಿಸಬೇಕು. ಅದು ಆಯಾ ಹಣಕಾಸು ವರ್ಷಕ್ಕೆ ಮಾತ್ರ. ಏಪ್ರಿಲ್ ಬಂದಾಗ ಮರೆಯುವವರೇ ಹೆಚ್ಚು. ಹಣ ಬಂದ ಬಗ್ಗೆ ಬ್ಯಾಂಕ್ ಕೊಡುವ ಪತ್ರವನ್ನು ಪ್ರತಿ ಬಿಲ್ಲಿನ ಜತೆಗೇ ಇಟ್ಟುಕೊಳ್ಳಿ.

ಪ್ರಶ್ನೆ: ದೊಡ್ಡ ಆಸ್ಪತ್ರೆಯೊಂದು 4 ಲಕ್ಷ ಕೊಡುತ್ತೇವೆ, ನಮ್ಮ ಸರ್ವರಿನಲ್ಲೇ ಪ್ರತ್ಯೇಕ ಪ್ರತಿ ಹಾಕಿಕೊಡಿ ಎನ್ನುತ್ತಿದೆ. ಒಪ್ಪಲೇ? (ಶಿವಮೊಗ್ಗದ ಓದುಗರು)

ಉತ್ತರ: ಒಪ್ಪಿದ ದಿನದಿಂದ ಪ್ರತಿ ಅಪ್‌ಡೇಟನ್ನೂ ಎರಡು ಸಲ ಹಾಕಬೇಕು, ಎರಡು ಕಡೆ ಪರೀಕ್ಷಿಸಬೇಕು, ಅವರ ಸರ್ವರ್ ಕೆಟ್ಟಾಗಲೂ ಫೋನ್ ನಿಮಗೇ ಬರುತ್ತದೆ. ವರ್ಷ ವರ್ಷವೂ ನಿರ್ವಹಣಾ ಶುಲ್ಕ ಕೊಡಲು ಬರಹದಲ್ಲಿ ಒಪ್ಪದಿದ್ದರೆ ಬಿಟ್ಟುಬಿಡಿ.