ಸ್ಕಾಲರ್‌ಶಿಪ್ ರೊಕ್ಕ ಮನೆಗೆ ಖರ್ಚಾದ ಮೇಲೆ

ಪರೀಕ್ಷಾ ಫೀ ಕಟ್ಟಲು ನೋಟಿಸ್ ಹಚ್ಚಿದ ದಿನಗಳಲ್ಲಿ ಕಲಬುರಗಿಯ ಕಾಲೇಜು ಹುಡುಗ ಹುಡುಗಿಯರು ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಬರುತ್ತಾರೆ. ತಲೆನೋವು, ನಿದ್ದೆ ಬರಲ್ಲ, ಓದಿದ್ದು ನೆನಪಿರಲ್ಲ ಅನ್ನುತ್ತಾರೆ. ಸ್ವಲ್ಪ ಹೊತ್ತು ಕೂತು ಮಾತಾಡಿದರೆ ಹಲವರಿಂದ ಒಂದೇ ಸಂಗತಿ ಹೊರಬೀಳುತ್ತದೆ. ಸ್ಕಾಲರ್‌ಶಿಪ್ ಬಂದಿದೆ, ಫೀ ಕಟ್ಟಿಲ್ಲ, ಹಣ ಮನೆಯಲ್ಲಿ ಖರ್ಚಾಗಿದೆ. ಇಂಥ ಒಬ್ಬನ ಪ್ರಕರಣವನ್ನು ಅವನ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಹುಡುಗ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದ. ಸೇಡಂ ಕಡೆಯ ಹಳ್ಳಿ. ಅಪ್ಪನಿಗೆ ಸ್ವಲ್ಪ ತೊಗರಿ ಹೊಲ, ಉಳಿದ ದಿನ ಫರ್ಸಿ (ನೆಲಕ್ಕೆ ಹಾಸುವ ಕಲ್ಲು) ಗಣಿಯಲ್ಲಿ ಕೂಲಿ. ಪರಿಶಿಷ್ಟ ಜಾತಿ ವಿದ್ಯಾರ್ಥಿಗಳಿಗೆ ಸಿಗುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲೇ ಓದು ನಡೆದಿತ್ತು. ಈ ಯೋಜನೆಯಲ್ಲಿ ಕೇಂದ್ರದ ಪಾಲು ಶೇ. 60, ರಾಜ್ಯದ್ದು ಶೇ. 40. 2021ರಿಂದ ಕೇಂದ್ರದ ಪಾಲು ನೇರವಾಗಿ ವಿದ್ಯಾರ್ಥಿಯ ಖಾತೆಗೇ ಬರುತ್ತದೆ. ಫೀಯನ್ನು ಅವನೇ ಕಾಲೇಜಿಗೆ ಕಟ್ಟಬೇಕು. ಹಣ ನಡುವೆ ಎಲ್ಲೂ ಸಿಕ್ಕಿಕೊಳ್ಳಲ್ಲ, ಅದು ಒಳ್ಳೆಯದೇ. ಆದರೆ ಕೂಲಿ ಮಾಡುವ ಮನೆಯಲ್ಲಿ ಅಷ್ಟು ಹಣ ಒಮ್ಮೆಲೇ ಬಂದ ವಾರವೇ ಯಾರಾದರೂ ಆಸ್ಪತ್ರೆ ಸೇರಿದರೆ ಏನಾಗುತ್ತದೆ?

ಇವನ ಅಕ್ಕನಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಕೂಸನ್ನು ಖಾಸಗಿ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕಾಯಿತು. ಇವನು ಖಾತೆಯಿಂದ ಹಣ ತೆಗೆದು ಕೊಟ್ಟ. ಎಲ್ಲಿಂದ ಬಂತು ಅಂತ ಅಪ್ಪ ಕೇಳಿದ್ದಕ್ಕೆ "ಫೀ ಕಟ್ಟಿ ಉಳಿದದ್ದು" ಅಂದುಬಿಟ್ಟ. ಮುಂದೆ ಕಾಲೇಜಿನಲ್ಲಿ ಬಾಕಿ ಇದ್ದವರ ಹೆಸರನ್ನು ಕ್ಲಾಸಿನಲ್ಲೇ ಓದಿದರು. ಅವತ್ತಿನಿಂದ ಇವನು ಕ್ಲಾಸಿಗೆ ಹೋಗಲಿಲ್ಲ. ಹೈದರಾಬಾದಿಗೆ ಹೋಗಿ ದುಡಿಯೋದು, ಬಾಕಿ ತೀರಿಸೋದು, ಮುಂದಿನ ವರ್ಷ ಪರೀಕ್ಷೆ ಬರೆಯೋದು. ಇದು ಅವನು ಹಾಕಿಕೊಂಡಿದ್ದ ಲೆಕ್ಕ.

ಮೊದಲ ಭೇಟಿಯಲ್ಲಿ ಬರೀ ತಲೆನೋವಿನ ಮಾತಾಯಿತು. ಎರಡನೇ ಸಲ ಬಂದಾಗ ಬಹಳ ಹೊತ್ತು ಸುಮ್ನೆ ಕೂತಿದ್ದ. ಆಮೇಲೆ ತಲೆ ತಗ್ಗಿಸಿ ಹೇಳಿದ: "ಮೇಡಂ, ನಾ ಸರ್ಕಾರದ ರೊಕ್ಕ ತಿಂದೀನ್ರಿ. ಇವರಿಗೆ ಕೊಟ್ರ ಹಿಂಗೇ ಮಾಡ್ತಾರ ಅಂತ ನಮ್ಮಂದಿಗೆ ಅಂತಾರಲ್ರಿ, ಅವರ ಮಾತು ನಾನೇ ಖರೇ ಮಾಡಿದ್ನಿ."

ಬಾಕಿ ಎಷ್ಟು ಅಂತ ನನಗೆ ಆಮೇಲೆ ಗೊತ್ತಾಯಿತು. ಅವನು ಹೊತ್ತಿದ್ದ ಭಾರ ಆ ಬಾಕಿಗಿಂತ ಎಷ್ಟೋ ಜಾಸ್ತಿ ಅಂತ ಗೊತ್ತಾಗಿದ್ದು ಈ ಮಾತಿನಿಂದ. ತನ್ನ ಮನೆಯ ಕಷ್ಟಕ್ಕೆ ಇಡೀ ಸಮುದಾಯದ ಪರವಾಗಿ ಉತ್ತರ ಕೊಡಬೇಕು ಅಂತ ಇಪ್ಪತ್ತೊಂದರ ಹುಡುಗ ಒದ್ದಾಡುತ್ತಿದ್ದ. ಸಾಯುವ ಯೋಚನೆ ಬಂದಿದೆಯಾ ಅಂತ ನೇರವಾಗಿಯೇ ಕೇಳಿದೆ. ಇಂಥ ಮಾತು ಬಂದಾಗ ನಾನು ಯಾವಾಗಲೂ ಕೇಳುತ್ತೇನೆ. ಕೇಳಿದರೆ ಆ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಅನ್ನೋದು ತಪ್ಪು ತಿಳುವಳಿಕೆ. "ಒಂದೆರಡು ಸಲ ಬಂದಿತ್ರಿ" ಅಂದ. ರಾತ್ರಿ ಹೊತ್ತು ಹಾಗೆ ಅನಿಸಿದರೆ ಕರೆ ಮಾಡಲು ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಅವನ ಫೋನಿನಲ್ಲೇ ಸೇವ್ ಮಾಡಿಸಿದೆ. ರೂಂಮೇಟ್‌ಗೂ ವಿಷಯ ತಿಳಿಸಲು ಒಪ್ಪಿಸಿದೆ.

ಆಮೇಲೆ ಪಾಸ್‌ಬುಕ್ ತೆಗೆಸಿದೆ. ಆಪ್ತಸಲಹೆ ಅಂದರೆ ಮನಸ್ಸಿನ ಮಾತು, ಪಾಸ್‌ಬುಕ್ ಯಾಕೆ ಅಂತ ನನ್ನ ಕ್ಷೇತ್ರದವರೇ ಕೇಳುತ್ತಾರೆ. ಈ ಹುಡುಗನ ಮನಸ್ಸು ಕೆಟ್ಟಿದ್ದು ಒಂದು ಲೆಕ್ಕದಿಂದ. ಆ ಲೆಕ್ಕ ಬಿಡಿಸದೆ ದೀರ್ಘ ಉಸಿರಾಟ ಕಲಿಸಿ ಕಳಿಸಿದರೆ ನಾಳೆ ಕಾಲೇಜಿನ ಗೇಟಿನಲ್ಲಿ ಅವನ ಎದೆ ಮತ್ತೆ ಹೊಡೆದುಕೊಳ್ಳುತ್ತದೆ, ಅಲ್ವಾ? ಖಾತೆಗೆ ಬಂದ ಹಣ ಪೂರ್ತಿ ಫೀ ಅಲ್ಲ. ಓದಿನ ಖರ್ಚಿಗೆ ಕೊಡುವ ಭತ್ಯೆಯೂ ಅದರಲ್ಲಿ ಸೇರಿರುತ್ತದೆ. ಕೋರ್ಸು ಯಾವುದು, ಹಾಸ್ಟೆಲಿನಲ್ಲಿದ್ದಾರಾ ಇಲ್ಲವಾ ನೋಡಿ ಅದು ವರ್ಷಕ್ಕೆ 2,500ರಿಂದ 13,500 ರೂಪಾಯಿವರೆಗೆ ಇರುತ್ತದೆ. ಅಷ್ಟು ಅವನದೇ. ಉಳಿದದ್ದು ಕಾಲೇಜಿಗೆ ಸೇರಬೇಕಾದ ಹಣ. ಅದನ್ನು ನಾನು ಮೆತ್ತಗೆ ಮಾಡಿ ಹೇಳಲಿಲ್ಲ.

"ಇದು ಸಾಲ ತಮ್ಮಾ. ತೀರಿಸಬೇಕು, ತೀರಿಸ್ಲಿಕ್ಕ ಬರ್ತದ. ಆ ಮಾತು ಆಡೋರು ನೀ ಫೀ ಕಟ್ಟಿದ್ರೂ ಆಡ್ತಿದ್ರು. ಅವರ ಸಲುವಾಗಿ ನೀ ಡಿಗ್ರಿ ಬಿಡ್ತಿ ಏನು? ಈಗ ಹೇಳು, ಅದು ಫೀ ರೊಕ್ಕ ಅಂತ ಅಪ್ಪಗ ಗೊತ್ತದ ಏನು?"

"ಇಲ್ರಿ" ಅಂದವನು ಆಗ ಅತ್ತ.

ಅಪ್ಪನಿಗೆ ಮೊದಲು ಹೇಳು ಅನ್ನೋದೇ ನನ್ನ ಮುಖ್ಯ ಸಲಹೆಯಾಗಿತ್ತು. ಮೊದಲೇ ಕಷ್ಟದಲ್ಲಿರುವ ಅಪ್ಪನ ಮೇಲೆ ಇನ್ನೊಂದು ಹೊರೆ ಹಾಕಿದಿರಿ ಅಂತ ಪರಿಚಯದವರೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ಹಣ ಮನೆಗೆ ಹೋಗಿದೆ, ತೀರಿಸುವ ದಾರಿಯನ್ನೂ ಮನೆಯವರೆಲ್ಲ ಕೂತು ಯೋಚಿಸಬೇಕು. ಸಾಲ, ಬಡ್ಡಿ, ವಾಯಿದೆ ಇವನ್ನೆಲ್ಲ ಆ ಅಪ್ಪ ಮಗನಿಗಿಂತ ಚೆನ್ನಾಗಿ ಬಲ್ಲವರು. ಮಕ್ಕಳು ಇಂಥದ್ದನ್ನು ಬಚ್ಚಿಟ್ಟಾಗಲೇ ಮೊಬೈಲ್ ಆ್ಯಪ್ ಸಾಲಕ್ಕೆ, ಮೀಟರ್ ಬಡ್ಡಿಗೆ ಬೀಳುತ್ತಾರೆ. ಅದೊಂದನ್ನು ಮಾತ್ರ ಮಾಡಬೇಡ ಅಂತ ಅವನಿಗೆ ಬಿಗಿಯಾಗಿಯೇ ಹೇಳಿದೆ.

ಎರಡನೆಯದು, ಪ್ರಿನ್ಸಿಪಾಲರಿಗೆ ಅರ್ಜಿ. ನಡೆದದ್ದನ್ನು ಇದ್ದ ಹಾಗೆ ಬರೆಯೋದು, ಕೈಲಾದಷ್ಟು ಈಗ ಕಟ್ಟೋದು, ಉಳಿದದ್ದಕ್ಕೆ ತಾರೀಖು ಕೊಡೋದು, ಅರ್ಜಿಯ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳೋದು. ಬಾಯಿ ಮಾತಿನಲ್ಲಿ ಕೇಳಿದರೆ ಕ್ಲರ್ಕ್ ಬದಲಾದ ಕೂಡಲೇ ಮಾತೂ ಬದಲಾಗುತ್ತದೆ. ರಾಜ್ಯದ ಪಾಲು ಎಲ್ಲಿ ನಿಂತಿದೆ ಅಂತ ರಾಜ್ಯದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ, ಸರ್ಕಾರದ ಹಣ ಖಾತೆಗೆ ಬಂದದ್ದು ತೋರಿಸುವ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ನೋಡಿಸಿದೆ. ಆಧಾರ್ ಯಾವ ಬ್ಯಾಂಕಿಗೆ ಕೊನೆಗೆ ಜೋಡಣೆಯಾಗಿದೆಯೋ ಆ ಖಾತೆಗೇ ಹಣ ಹೋಗುತ್ತದೆ. ಅದನ್ನೂ ಎಲ್ಲರೂ ಒಮ್ಮೆ ನೋಡಿಕೊಳ್ಳಬೇಕು.

ಅಪ್ಪ ಎರಡು ದಿನ ಮಗನ ಜೊತೆ ಮಾತಾಡಲಿಲ್ಲವಂತೆ. ಮೂರನೇ ದಿನ ತಾವೇ ಕಲಬುರಗಿಗೆ ಬಂದು ಮಗನ ಜೊತೆ ಪ್ರಿನ್ಸಿಪಾಲರ ಕೋಣೆಗೆ ಹೋದರು. ಸ್ವಲ್ಪ ಕಟ್ಟಿದರು. ಉಳಿದದ್ದು ತೊಗರಿ ರಾಶಿ ಮಾಡಿ ಮಾರಿದ ಮೇಲೆ ಅಂತ ಬರೆದುಕೊಟ್ಟರು. ಕಾಲೇಜು ಒಪ್ಪಿತು, ಹುಡುಗ ಪರೀಕ್ಷೆ ಬರೆದ. ಆ ವರ್ಷ ತೊಗರಿ ಅಷ್ಟಾಗಿ ಬರಲಿಲ್ಲ. ಬಾಕಿಯಲ್ಲಿ ಒಂದು ಭಾಗ ಇನ್ನೂ ಉಳಿದಿದೆ, ಅವನೇ ಈಗ ದುಡಿದು ಕಟ್ಟುತ್ತಿದ್ದಾನೆ. ಅಪ್ಪನಿಗಿದ್ದ ದೊಡ್ಡ ಹೆದರಿಕೆ ಅಂಕಪಟ್ಟಿ, ಟಿಸಿ ಕಾಲೇಜಿನಲ್ಲೇ ಉಳಿದುಬಿಡುತ್ತದೆ ಅನ್ನೋದು. ಮೂಲ ದಾಖಲೆಗಳನ್ನು ಕಾಲೇಜು ತನ್ನ ಬಳಿ ಇಟ್ಟುಕೊಳ್ಳಬಾರದು ಅಂತ 2018ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಅಧಿಸೂಚನೆ ಹೇಳುತ್ತದೆ. ಅರ್ಜಿಯಲ್ಲಿ ಆ ಸಾಲನ್ನೂ ಸೇರಿಸಿದ್ದೆವು.

ಕಾಲೇಜಿನವರಲ್ಲಿ ನನ್ನ ಬೇಡಿಕೆ ಇಷ್ಟೇ. ಬಾಕಿ ಇದ್ದವರ ಹೆಸರನ್ನು ಕ್ಲಾಸಿನಲ್ಲಿ ಓದಬೇಡಿ. ಒಬ್ಬೊಬ್ಬರನ್ನೇ ಒಳಗೆ ಕರೆದು, ಕೂಡಿಸಿ, ರೊಕ್ಕ ಏನಾಯಿತು ಅಂತ ಕೇಳಿ.