ಹೊಸ ಕ್ಯಾಮೆರಾವನ್ನು ಸಮುದ್ರದ ದಡಕ್ಕೆ ಒಯ್ಯಲೇ? ಒಯ್ಯಿರಿ, ಆದರೆ ಅವಸರದಲ್ಲಿ ಒರೆಸಬೇಡಿ

ಮೊದಲ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾ, ಎರಡು ಲೆನ್ಸ್, ಮುಂದಿನ ವಾರ ಸಮುದ್ರದ ದಡಕ್ಕೆ ಪ್ರವಾಸ. ಮರಳು, ಉಪ್ಪುನೀರಿನ ಭಯಕ್ಕೆ ಕ್ಯಾಮೆರಾ ಮನೆಯಲ್ಲೇ ಬಿಟ್ಟು ಫೋನ್‌ನಲ್ಲೇ ಫೋಟೊ ತೆಗೆಯಲೇ ಅಂತ ಕೇಳಿದ್ದೀರಿ.

ದಯವಿಟ್ಟು ಕ್ಯಾಮೆರಾ ತೆಗೆದುಕೊಂಡು ಹೋಗಿ. ನಾನು ಹತ್ತು ವರ್ಷದಿಂದ ಅಲೆಗಳ ಹತ್ತಿರ ನಿಂತು ಫೋಟೊ ತೆಗೆಯುತ್ತಿದ್ದೇನೆ. ಈ ಅವಧಿಯಲ್ಲಿ ಕಳೆದುಕೊಂಡದ್ದು ಒಂದೇ ಲೆನ್ಸ್. ಅದನ್ನು ಅಲೆ ಹಾಳು ಮಾಡಲಿಲ್ಲ, ನಾನೇ ಮಾಡಿದೆ. ಗಾಜಿನ ಮೇಲೆ ಒಂದು ಹನಿ ಸಿಡಿದು ಬಿತ್ತು. ಬೆಳಕು ಹೋಗಿಬಿಡುತ್ತದೆ ಅನ್ನುವ ಅವಸರದಲ್ಲಿ ಅಂಗಿಯ ತುದಿಯಿಂದ ಒರೆಸಿದೆ. ಅಂಗಿಯಲ್ಲಿ ಮರಳಿತ್ತು. ರಾತ್ರಿ ದೀಪದ ಕೆಳಗೆ ಹಿಡಿದು ನೋಡಿದರೆ ಗಾಜಿನ ತುಂಬಾ ಬಿಲ್ಲಿನ ಹಾಗೆ ಬಾಗಿದ ಗೀರುಗಳು. ಆ ಬೇಜಾರು ಇನ್ನೂ ಹೋಗಿಲ್ಲ.

ಯಾಕೆ ಹೀಗಾಗುತ್ತದೆ ಅಂದರೆ, ಬಹಳಷ್ಟು ಕಡೆ ಮರಳಿನಲ್ಲಿ ಹೆಚ್ಚಾಗಿ ಇರುವುದು ಕ್ವಾರ್ಟ್ಸ್ ಅನ್ನುವ ಖನಿಜ. ಗಟ್ಟಿತನ ಅಳೆಯುವ ಮೋಸ್ ಮಾಪಕದಲ್ಲಿ ಅದು 7. ಮಾಮೂಲಿ ಗಾಜು 5.5ರ ಆಸುಪಾಸು. ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣವಿದ್ದರೂ ಒತ್ತಿ ಒರೆಸಿದರೆ ಗೀರು ಬೀಳುತ್ತದೆ. ಗಾಜಿನ ಮೇಲಿನ ತೆಳು ಲೇಪನವಂತೂ ಮೊದಲೇ ಹೋಗುತ್ತದೆ.

ಹಾಗಾಗಿ ಬೇರೇನೂ ಕೊಳ್ಳದಿದ್ದರೂ ಪರವಾಗಿಲ್ಲ, ಕೈಯಲ್ಲಿ ಹಿಂಡುವ ರಬ್ಬರ್ ಬ್ಲೋವರ್ ಒಂದನ್ನು ಜೊತೆಗಿಟ್ಟುಕೊಳ್ಳಿ. ಲೆನ್ಸನ್ನು ಕೆಳಮುಖ ಮಾಡಿ ಹಿಡಿದು ನಾಲ್ಕೈದು ಸಲ ಗಾಳಿ ಊದಿ. ಮರಳು ಉದುರಿದ ಮೇಲೆಯೇ ಬಟ್ಟೆ ತಾಗಿಸಬೇಕು. ಬಾಯಿಂದ ಊದಬೇಡಿ, ಎಂಜಲು ಸಿಡಿಯುತ್ತದೆ. ಒತ್ತಡದ ಗಾಳಿ ತುಂಬಿದ ಡಬ್ಬಿಯೂ ಬೇಡ. ಅದು ಮರಳನ್ನು ಸಂದುಗಳ ಒಳಕ್ಕೇ ನುಗ್ಗಿಸುತ್ತದೆ.

ಇನ್ನು ಉಪ್ಪು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ನೀವು ನೀರಿಗೆ ಇಳಿಯದಿದ್ದರೂ ಗಾಳಿಯಲ್ಲಿ ತೇಲಿ ಬರುವ ತುಂತುರು ಕ್ಯಾಮೆರಾದ ಮೇಲೆ ಕೂರುತ್ತದೆ. ನೀರು ಆರಿ ಹೋಗುತ್ತದೆ, ಉಪ್ಪು ಉಳಿಯುತ್ತದೆ. ಅದು ಗಾಳಿಯ ತೇವವನ್ನು ಎಳೆದುಕೊಂಡು ಸ್ಕ್ರೂ, ಬ್ಯಾಟರಿಯ ಲೋಹದ ಪಟ್ಟಿ ಎಲ್ಲವನ್ನೂ ನಿಧಾನವಾಗಿ ತಿನ್ನುತ್ತದೆ. ಒಣಬಟ್ಟೆಯಿಂದ ಉಪ್ಪು ಹೋಗುವುದಿಲ್ಲ, ಬರೀ ಹರಡುತ್ತದೆ. ರೂಮಿಗೆ ಬಂದ ಕೂಡಲೇ ಮೊದಲು ಬ್ಲೋವರ್, ಆಮೇಲೆ ಸಿಹಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಮೆತ್ತನೆ ಬಟ್ಟೆ, ಕೊನೆಗೆ ಒಣಬಟ್ಟೆ. ಎಷ್ಟೇ ಸುಸ್ತಾಗಿದ್ದರೂ ಅವತ್ತೇ ಮಾಡಿ.

ನಿಮ್ಮ ಎರಡು ಲೆನ್ಸ್ ವಿಷಯಕ್ಕೆ ಬರೋಣ. ದಡದಲ್ಲಿ ನಿಂತು ಲೆನ್ಸ್ ಬದಲಿಸಲೇಬೇಡಿ. ಮಿರರ್‌ಲೆಸ್‌ನಲ್ಲಿ ಲೆನ್ಸ್ ತೆಗೆದರೆ ಬಹಳಷ್ಟು ಮಾಡೆಲ್‌ಗಳಲ್ಲಿ ಚಿತ್ರ ಹಿಡಿಯುವ ಸೆನ್ಸರ್ ನೇರವಾಗಿ ಗಾಳಿಗೆ ತೆರೆದುಕೊಳ್ಳುತ್ತದೆ. ರೂಮಿನಲ್ಲೇ ಒಂದನ್ನು ಆರಿಸಿ ಹಾಕಿಕೊಂಡು ಹೊರಡಿ. ಝೂಮ್ ಮಾಡಿದಾಗ ಉದ್ದವಾಗುವ ಲೆನ್ಸ್ ಆದರೆ ಇನ್ನೂ ಹುಷಾರು. ಅದು ಹಿಗ್ಗುವಾಗ ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ, ಜೊತೆಗೆ ನುಣ್ಣನೆಯ ಮರಳೂ ಹೋಗಬಹುದು. ರಿಂಗ್ ತಿರುಗಿಸುವಾಗ ಕರಕರ ಅಂದರೆ ಬಲವಂತ ಮಾಡದೆ ಅಲ್ಲಿಗೇ ನಿಲ್ಲಿಸಿ.

ಲೆನ್ಸಿನ ಮುಂದೆ ಒಂದು ಯುವಿ ಫಿಲ್ಟರ್, ಅಂದರೆ ಲೆನ್ಸನ್ನು ಕಾಯುವ ಪಾರದರ್ಶಕ ಗಾಜಿನ ಬಿಲ್ಲೆ, ಇರಲಿ. ಬೇರೆ ಕಡೆ ನಾನು ಅದನ್ನು ಹಾಕುವುದಿಲ್ಲ, ಆದರೆ ಸಮುದ್ರದ ಹತ್ತಿರ ಮಾತ್ರ ತಪ್ಪಿಸುವುದಿಲ್ಲ. ಲೆನ್ಸಿನ ತುದಿಗೆ ಸಿಕ್ಕಿಸುವ ಕೊಳವೆಯಂಥ ಹುಡ್ ಕೂಡ ಹಾಕಿ. ಗಾಳಿ ಜಾಸ್ತಿ ಇದ್ದರೆ ದಪ್ಪ ಪ್ಲಾಸ್ಟಿಕ್ ಚೀಲವೊಂದಕ್ಕೆ ತೂತು ಮಾಡಿ, ಲೆನ್ಸ್ ಹೊರಗೆ ಬರುವಂತೆ ಕ್ಯಾಮೆರಾಕ್ಕೆ ತೊಡಿಸಿ, ಹುಡ್ ಸುತ್ತ ರಬ್ಬರ್ ಬ್ಯಾಂಡ್ ಬಿಗಿಯಿರಿ. ನೋಡಲು ಚೆನ್ನಾಗಿರುವುದಿಲ್ಲ, ಕೆಲಸ ಮಾತ್ರ ಚೆನ್ನಾಗಿ ಮಾಡುತ್ತದೆ. ಕ್ಯಾಮೆರಾ ಮೇಲೆ 'ವೆದರ್ ಸೀಲ್ಡ್' ಅಂತ ಇದ್ದರೂ ಅದು ನೀರಲ್ಲಿ ಮುಳುಗಿಸಲು ಕೊಟ್ಟ ಅನುಮತಿ ಅಲ್ಲ, ಹನಿ ತಡೆಯುತ್ತದೆ ಅಷ್ಟೆ. ಫೋನಿನ ಕಥೆಯೂ ಇದೇ. ನೀರು, ಧೂಳು ಎಷ್ಟು ತಡೆಯುತ್ತದೆ ಅಂತ ಹೇಳುವ ಐಪಿ68 ಪರೀಕ್ಷೆ ಮಾಡುವುದು ಸಿಹಿನೀರಿನಲ್ಲಿ. ಹಾಗಾಗಿ ಫೋನ್ ಒಯ್ದರೆ ಚಿಂತೆ ಇಲ್ಲ ಅಂದುಕೊಳ್ಳಬೇಡಿ.

ಜನ ಮರೆಯುವ ಇನ್ನೊಂದು ವಿಷಯ ಏಸಿ ರೂಮ್. ತಣ್ಣಗಿದ್ದ ಕ್ಯಾಮೆರಾವನ್ನು ಏಕಾಏಕಿ ಹೊರಗಿನ ಸೆಕೆಗೆ ತಂದರೆ ಗಾಜಿನ ಮೇಲೆ ಮಂಜು ಕೂರುತ್ತದೆ, ಕೆಲವೊಮ್ಮೆ ಒಳಗೂ. ಹೊರಡುವ ಅರ್ಧ ಗಂಟೆ ಮೊದಲೇ, ಬ್ಯಾಗಿನ ಜಿಪ್ ತೆಗೆಯದೆ, ಹೊರಗಿಡಿ. ಆದರೆ ಸುಡುಬಿಸಿಲಿನಲ್ಲಿ ಅಲ್ಲ. ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಸೂರ್ಯನ ಕಡೆ ಇರುವಂತೆ ಕ್ಯಾಮೆರಾ ಇಡುವುದೂ ಬೇಡ. ಅಲ್ಲಿರುವ ಸಣ್ಣ ಗಾಜು ಭೂತಗನ್ನಡಿಯಂತೆ ಬಿಸಿಲನ್ನು ಒಟ್ಟುಮಾಡಿ ಒಳಗಿನ ಪರದೆಯನ್ನು ಸುಡಬಲ್ಲದು.

ಇಷ್ಟೆಲ್ಲ ಜೋಪಾನ ಮಾಡುವುದು ಒಳ್ಳೆಯ ಫೋಟೊಗಾಗಿಯೇ ಅಲ್ವಾ? ಅದನ್ನೂ ಒಂಚೂರು ಹೇಳುತ್ತೇನೆ. ಬಿಳಿ ಮರಳು ಕಂಡಾಗ ಕ್ಯಾಮೆರಾ ಬೆಳಕು ಜಾಸ್ತಿ ಇದೆ ಅಂದುಕೊಂಡು ಚಿತ್ರವನ್ನು ಕಪ್ಪಾಗಿಸುತ್ತದೆ. ಚಿತ್ರದ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಎಕ್ಸ್‌ಪೋಷರ್ ಕಾಂಪೆನ್ಸೇಶನ್ ಅನ್ನು ಪ್ಲಸ್ 1ರ ಹತ್ತಿರ ಇಟ್ಟು ನೋಡಿ, ಮುಖಗಳು ಬೆಳಗುತ್ತವೆ. ಸಿಡಿಯುವ ಅಲೆಯ ಹನಿಗಳು ಬಿಡಿಬಿಡಿಯಾಗಿ ಬೇಕೆಂದರೆ ಶಟರ್ (ಬೆಳಕು ಒಳಬಿಡುವ ಹೊತ್ತು) 1/1000 ಸೆಕೆಂಡ್ ಅಥವಾ ಇನ್ನೂ ವೇಗ. ನನಗೆ ಇಷ್ಟವಾಗುವುದು ಅಲೆ ಹಿಂದಕ್ಕೆ ಸರಿಯುವ ಹೊತ್ತು. ಆಗ ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು ಶಟರ್ ಅರ್ಧ ಸೆಕೆಂಡ್ ಇಟ್ಟರೆ ನೊರೆ ಮರಳಿನ ಮೇಲೆ ಬಿಳಿ ಎಳೆಗಳಾಗಿ ಹರಡುತ್ತದೆ. ಸೂರ್ಯ ಮುಳುಗಿದ ಕೂಡಲೇ ಎಲ್ಲರೂ ಎದ್ದು ಹೋಗುತ್ತಾರೆ. ನೀವು ಇನ್ನೊಂದು ಇಪ್ಪತ್ತು ನಿಮಿಷ ಇರಿ. ಒದ್ದೆ ಮರಳಿನಲ್ಲಿ ಆಕಾಶದ ಬಣ್ಣ ಆಗಲೇ ಚೆಂದ ಕಾಣುವುದು.

ಟ್ರೈಪಾಡಿನ ಕಾಲುಗಳನ್ನು ಮೊದಲೇ ಮರಳಿಗೆ ಒತ್ತಿ ಊರಿ. ಇಲ್ಲದಿದ್ದರೆ ಅಲೆ ಬಂದಾಗ ಅಡಿಯ ಮರಳು ಜಾರಿ ಇಡೀ ಸ್ಟ್ಯಾಂಡ್ ವಾಲುತ್ತದೆ. ಸಂಜೆ ಅದರ ಕಾಲುಗಳನ್ನು ಪೂರ್ತಿ ಎಳೆದು ಸಿಹಿನೀರಿನಲ್ಲಿ ತೊಳೆಯಿರಿ. ಸಮುದ್ರಕ್ಕೆ ಬೆನ್ನು ಮಾಡಿ ಮಾತ್ರ ನಿಲ್ಲಬೇಡಿ. ಅದು ಕ್ಯಾಮೆರಾಗಿಂತ ನಿಮಗಾಗಿ ಹೇಳುತ್ತಿರುವುದು.

ಅಕಸ್ಮಾತ್ ನೀರಿಗೆ ಬಿದ್ದರೆ ಕೂಡಲೇ ಆಫ್ ಮಾಡಿ ಬ್ಯಾಟರಿ, ಕಾರ್ಡ್ ತೆಗೆಯಿರಿ. ಕೆಲಸ ಮಾಡುತ್ತಾ ನೋಡೋಣ ಅಂತ ಸುಮ್ನೆ ಆನ್ ಮಾಡಬೇಡಿ. ಒಳಗೆ ಉಪ್ಪುನೀರಿದ್ದರೆ ಕರೆಂಟ್ ಹರಿದ ಕ್ಷಣವೇ ಬೋರ್ಡ್ ಹೋಗಬಹುದು. ಅಕ್ಕಿಯಲ್ಲಿ ಹೂತಿಟ್ಟರೆ ಉಪ್ಪೇನೂ ಹೋಗುವುದಿಲ್ಲ. ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ ರಿಪೇರಿಯವರ ಹತ್ತಿರ ಒಯ್ದು, ಬಿದ್ದದ್ದು ಸಮುದ್ರದ ನೀರಿಗೆ ಅಂತ ಮುಚ್ಚಿಡದೆ ಹೇಳಿ.

ಎರಡರಲ್ಲಿ ಯಾವ ಲೆನ್ಸ್ ಹಾಕಿಕೊಳ್ಳಲಿ ಅಂತ ಗೊಂದಲವಿದ್ದರೆ ಅವು ಎಷ್ಟೆಷ್ಟು ಎಂಎಂ ಅಂತ ಕಾಮೆಂಟಿನಲ್ಲಿ ಬರೆಯಿರಿ. ನೀವು ಹೊರಡುವುದರೊಳಗೆ ಉತ್ತರಿಸುತ್ತೇನೆ.